ಬೋರ್ಡಣ್ಣನ ಅಡ್ಡಸಾಲು

“ಮುಖ ಸ್ವಲ್ಪ ಆ ಕಡೆ ತಿರುಗಿಸು,” ಎಂದಳು ಹೆಂಡತಿ. “ಕಿವಿ ಹತ್ರ ಇನ್ನೂ ಕೂದಲಿದೆ. ಅವರು ಬದುಕಿದ್ದಾಗ್ಲೂ ಅಲ್ಲೇ ಬಿಡ್ತಿದ್ದೆ ನೀನು.”

ಕ್ಷೌರಿಕ ಸತ್ತವನ ಗಲ್ಲವನ್ನು ಮೆಲ್ಲಗೆ ತಿರುಗಿಸಿ, ಉಳಿದ ಬಿಳಿ ಕೂದಲನ್ನು ತೆಗೆದ. ಊರಿನ ಅರ್ಧಕ್ಕರ್ಧ ಅಂಗಡಿಗಳ ಫಲಕ ಬರೆದ ಮನುಷ್ಯ, ಎಲ್ಲರ ಬಾಯಲ್ಲೂ ಬೋರ್ಡಣ್ಣ, ಇಸ್ತ್ರಿ ಅಂಗಿ ತೊಟ್ಟು ನಡುಮನೆಯಲ್ಲಿ ಮಲಗಿದ್ದ. ನಿನ್ನೆ ಸಂಜೆ ಕುರ್ಚಿಯಲ್ಲಿ ಕೂತವನು ಕೂತ ಹಾಗೇ ವಾಲಿದ್ದ. ಕಾಯಿಲೆಯಿಲ್ಲ ಕಸಾಲೆಯಿಲ್ಲ. ಹೆಂಡತಿಗೆ ಅಳುವೂ ಬಂದಿರಲಿಲ್ಲ, ಯಾರೋ ಕೆನ್ನೆಗೆ ಹೊಡೆದು ಓಡಿಹೋದ ಹಾಗೆ ಬೆಪ್ಪಾಗಿ ಕೂತಿದ್ದಳು.

ಕ್ಷೌರಿಕ ಕತ್ತಿ ಒರೆಸಿ ಚೀಲಕ್ಕಿಟ್ಟ. ಅದೇ ಚೀಲದಿಂದ ಮಡಚಿದ ಪೇಪರೊಂದನ್ನು ತೆಗೆದು ಅವಳ ಕೈಗೆ ಕೊಟ್ಟ. ಕೊಟ್ಟಿದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು.

“ಇದೇನು?”

“ಏನಿಲ್ಲ ಅಕ್ಕ. ಇವತ್ತಿನ ಪೇಪರು. ಕೊಡಿ ಇಲ್ಲಿ.”

ಅವಳು ಕೊಡಲಿಲ್ಲ, ಬಿಡಿಸಿ ನೋಡಿದಳು. ಪತ್ರಿಕೆಯವರು ಎಂದೋ ತಮ್ಮ ತಾತನ ಕಾಲದಲ್ಲಿ ಅಚ್ಚಾಗಿದ್ದ ಪದಬಂಧವೊಂದನ್ನು ಹಾಗೇ ಮರುಮುದ್ರಿಸಿದ್ದರು. ಮೂಲೆಯಲ್ಲಿ ಮಸುಕಾದ ಹಾಯಿಹಡಗು, ಸುಳಿವುಗಳೆಲ್ಲ ಕಡಲಿನವೇ. ಗಾಳಿ ಕುಡಿದು ಉಬ್ಬುವುದು: ಹಾಯಿ. ದಡದಲ್ಲಿ ನಿಂತು ದಾರಿ ತೋರುವುದು: ದೀಪಸ್ತಂಭ. ಎಲ್ಲವೂ ಕ್ಷೌರಿಕನ ಸೊಟ್ಟ ಅಕ್ಷರ. ಹಡಗನ್ನು ಹಿಡಿದು ನಿಲ್ಲಿಸುವುದು ಎಂಬಲ್ಲಿ ‘ಲಂಗ’ ಎಂದು ಬರೆದು, ಕೊನೆಯ ಚೌಕ ಖಾಲಿ ಬಿಟ್ಟಿದ್ದ.

“ಎಡದಿಂದ ಬಲಕ್ಕೆ ಅಷ್ಟೇ ತುಂಬಿದೀಯ. ಮೇಲಿಂದ ಕೆಳಕ್ಕೆ ಯಾಕೆ ಮುಟ್ಟಿಲ್ಲ?”

“ಅದು ನಿಮ್ಮ ಪಾಲಲ್ವಾ ಅಕ್ಕ,” ಎಂದವನು ನಾಲಿಗೆ ಕಚ್ಚಿಕೊಂಡ.

*

ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಒಂದೇ ಪೇಪರಿಗೆ ಕಿತ್ತಾಡಿ, ಹಾಳೆ ಹರಿದು ಎರಡಾದ ಮೇಲೆ ರಾಜಿಯಾಗಿದ್ದರು. ಅಡ್ಡಸಾಲು ಅವನದು, ಉದ್ದಸಾಲು ಅವಳದು. ಇನ್ನೊಬ್ಬರ ಸುಳಿವು ಓದಕೂಡದು, ಹೇಳಿಕೊಡಲೂ ಕೂಡದು. ಈ ಕರಾರು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮಗಳು ಕೇಳಿದರೂ “ಅದು ನಮ್ಮ ಸಂಸಾರದ ವಿಷಯ, ನಿನಗ್ಯಾಕೆ?” ಎನ್ನುತ್ತಿದ್ದ ಬೋರ್ಡಣ್ಣ.

ಈಚೆಗೆ ಅವನು ಬೆಳಿಗ್ಗೆಯೇ ಪೇಪರು ಹಿಡಿದು ಕ್ಷೌರದಂಗಡಿಗೆ ಹೋಗುತ್ತಿದ್ದ. ಮನೆಗೆ ಬರುವಾಗ ಅಡ್ಡಸಾಲು ಬಹುಪಾಲು ಬೋರ್ಡಿನಂಥ ದುಂಡು ಅಕ್ಷರದಲ್ಲಿ ತುಂಬಿರುತ್ತಿತ್ತು. ಅವನ ಮಾತು ಕಡಿಮೆಯಾದದ್ದನ್ನು ಅವಳು ವಯಸ್ಸೆಂದುಕೊಂಡಿದ್ದಳು.

*

“ಪದಗಳು ಮರೆತುಹೋಗ್ತಿದ್ವು ಅಕ್ಕ,” ಎಂದ ಕ್ಷೌರಿಕ, ತಲೆ ತಗ್ಗಿಸಿ. “ಬಾಚಣಿಗೆ ಕೈಲಿ ಹಿಡ್ಕೊಂಡು ‘ಇದಕ್ಕೇನಂತಾರೋ?’ ಅನ್ನೋರು. ಪದ ನಾನೂ ಅಂಗಡಿಗೆ ಬಂದವರೂ ಹೇಳ್ತಿದ್ವಿ, ಅವರು ಬರೀತಿದ್ರು. ಅಕ್ಷರ ಮಾತ್ರ ಆ ಕೈ ಮರೀಲಿಲ್ಲ. ಇವತ್ತು ಪೇಪರ್ ಬಂತು. ಅಭ್ಯಾಸಬಲ, ತುಂಬಿ ಚೀಲಕ್ಕೆ ಹಾಕ್ಕೊಂಡ್ಬಿಟ್ಟೆ, ಯೋಚಿಸದೇ ನಿಮ್ಮ ಕೈಗೂ ಕೊಟ್ಬಿಟ್ಟೆ.”

“ನನಗ್ಯಾಕೋ ಹೇಳ್ಲಿಲ್ಲ? ಇಷ್ಟು ದಿನ ನಾನು ಆಡಿದ್ದು ಯಾರ ಜೊತೆ? ನಿನ್ನ ಜೊತೆನಾ? ನಿನ್ನ ಗಿರಾಕಿಗಳ ಜೊತೆನಾ?”

“ಆಣೆ ಹಾಕಿಸ್ಕೊಂಡಿದ್ರು ಅಕ್ಕ.”

“ಅಮ್ಮ, ಗಾಡಿ ಬಂತು,” ಎಂದು ಮಗಳು ಬಾಗಿಲಲ್ಲಿ ನಿಂತಳು.

“ಇರೇ ಸ್ವಲ್ಪ!” ಅವಳು ಕ್ಷೌರಿಕನ ತೋಳು ಹಿಡಿದಳು. “ನಾನು ಯಾರು ಅಂತನಾದ್ರೂ ಗೊತ್ತಿತ್ತಾ ಅವರಿಗೆ? ನಿಜ ಹೇಳು.”

“ಕೆಲವು ದಿನ ಗೊತ್ತಾಗ್ತಿರ್ಲಿಲ್ಲ. ಗೇಟಿನ ತನಕ ನಾನೇ ತಂದು ಬಿಡ್ತಿದ್ದೆ. ‘ಇದು ಯಾರ ಮನೆಯೋ?’ ಅನ್ನೋರು. ಅದಕ್ಕೇ ಅಕ್ಕ, ಒಂದು ಚೌಕ ಖಾಲಿ ಬಿಡ್ತಿದ್ದಿದ್ದು. ಅಣ್ಣನದೇ ಉಪಾಯ. ‘ಪೂರ್ತಿ ತುಂಬಬೇಡ. ಒಂದು ಬಿಟ್ರೆ ಅವಳು ಬೈತಾಳೆ. ಆ ಬೈಗುಳ ಕಿವಿಗೆ ಬಿದ್ರೆ ಸಾಕು, ನನ್ನ ಮನೇಲೇ ಇದೀನಿ ಅಂತ ಗೊತ್ತಾಗತ್ತೆ’ ಅನ್ನೋರು.”

ಅವಳು ಗೋಡೆಗೊರಗಿದಳು. ಹೌದು, ದಿನವೂ ಒಂದು ಚೌಕ ಖಾಲಿ. ದಿನವೂ ಬೀದಿಗೆ ಕೇಳುವಂತೆ ಬೈಯುತ್ತಿದ್ದಳು, ಅವನು ಹಲ್ಲು ಕಿಸಿಯುತ್ತಿದ್ದ. ನಿನ್ನೆ ಮಾತ್ರ ತಲೆನೋವೆಂದು ತುಟಿಪಿಟಕ್ಕೆನ್ನದೆ ಆ ಚೌಕವನ್ನು ತಾನೇ ತುಂಬಿಬಿಟ್ಟಿದ್ದಳು. ಅವನು ಕುರ್ಚಿಯಲ್ಲಿ ಕೂತು ಅವಳ ಮುಖವನ್ನೇ ನೋಡುತ್ತ, “ಆಯ್ತಾ? ಎಲ್ಲ ಆಯ್ತಾ?” ಎಂದು ಮತ್ತೆ ಮತ್ತೆ ಕೇಳಿದ್ದ. ಆಯ್ತು ಅಂತ ಕೈ ಆಡಿಸಿ ಅವಳು ಅಡುಗೆಮನೆಗೆ ಹೋಗಿದ್ದಳು. ವಾಪಸು ಬಂದಾಗ ಅವನು ವಾಲಿದ್ದ.

ಅಯ್ಯೋ ದೇವರೇ, ಯಾರ ಮನೆಯಲ್ಲಿದ್ದೀನಿ ಅಂದುಕೊಂಡು ಹೋದರೋ!

ನಾಲ್ಕು ಜನ ಒಳಬಂದು ಹೆಣ ಎತ್ತಲು ಬಗ್ಗಿದರು. ಅವಳು ಅವರನ್ನು ತಳ್ಳಿ ಮಂಡಿಯೂರಿ, ಗಂಡನ ಕಿವಿಗೆ ಬಾಯಿ ಹಚ್ಚಿದಳು.

“ಏನ್ರೀ! ಇಲ್ಲೊಂದು ಚೌಕ ಖಾಲಿ ಬಿಟ್ಟಿದೀರಲ್ಲ, ಕಣ್ಣೆಲ್ಲಿಟ್ಟಿದ್ರಿ? ಎಷ್ಟು ಸಲ ಹೇಳ್ಬೇಕು ನಿಮಗೆ?”

“ಅತ್ತಿಗೆ!” ನಾದಿನಿ ಬಾಯಿಗೆ ಸೆರಗಿಟ್ಟುಕೊಂಡಳು. “ಹೆಣದ ಮುಂದೆ ಇದೆಂಥ ಮಾತು? ಯಾರಾದ್ರೂ ಹಿಡ್ಕೊಳ್ರೋ.”

ಯಾರಿಗೂ ಧೈರ್ಯವಾಗಲಿಲ್ಲ. ಹೆಣ ಎತ್ತಿದರೂ ಅವಳು ನಿಲ್ಲಿಸಲಿಲ್ಲ. ಮೆಟ್ಟಿಲಿಳಿಯುವಾಗಲೂ, ಗೇಟು ದಾಟುವಾಗಲೂ, ಗಾಡಿಯ ಬಾಗಿಲು ಮುಚ್ಚಿದ ಮೇಲೂ ಅದರ ತಗಡಿಗೆ ಅಂಗೈ ಬಡಿಯುತ್ತ, ದಂಡಪಿಂಡ, ಅರೆಗುರುಡ, ಮರೆಗುಳಿ ಎಂದು ಗಂಟಲು ಹರಿಯುವಂತೆ ಬೈಯುತ್ತ ಪಕ್ಕದಲ್ಲೇ ಓಡಿದಳು. ಬೀದಿಯುದ್ದಕ್ಕೂ ಒಂದೊಂದೇ ಕಿಟಕಿ ತೆರೆದುಕೊಂಡಿತು.