ತಣಿಯುವಷ್ಟು ಹೊತ್ತು

"ಧನರಾಜ್, ಮಾವನ ತಲೆ ಸ್ವಲ್ಪ ಎತ್ತು," ಎಂದು ಮಗನಿಗೆ ಹೇಳಿ ಪೂವಮ್ಮ ಅಣ್ಣನ ಹಣೆಗೆ ಗಂಧ ಹಚ್ಚಿದಳು. ಮೂಡುಬಿದಿರೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದು ತೀರಿಕೊಂಡ ಡೊಂಬಯ್ಯ ಮಾಸ್ಟ್ರನ್ನು ಬೆಳಿಗ್ಗೆಯಷ್ಟೇ ವೇಣೂರಿಗೆ ತಂದಿದ್ದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಷ್ಟು ವರ್ಷ ಪಾಠ ಮಾಡಿದವರು. ನೋಡಲು ಬಂದವರಿಗೆ ಜಗಲಿಯೇ ಸಾಕಾಗಿತ್ತು.

ಬಸ್ಸಿಳಿದು ಬಂದ ವಯಸ್ಸಾದ ಹೆಂಗಸೊಬ್ಬಳು ಅಂಗಳದಲ್ಲೇ ನಿಂತಳು.

"ಯಾರು, ಗೊತ್ತಾಗಲಿಲ್ಲ."

"ಕಾವೇರಿ. ಅಳದಂಗಡಿಯ."

ಪೂವಮ್ಮನ ಕೈ ನಿಂತಿತು. ನಿಶ್ಚಿತಾರ್ಥದ ದಿನ ಅಣ್ಣನಿಗಾಗಿ ಸಂಜೆಯವರೆಗೂ ಕಾದಿದ್ದ ಹುಡುಗಿ. ಅಣ್ಣ ಬಂದಿರಲಿಲ್ಲ.

"ಆ ದಿನ ನಿಮ್ಮ ಮನೆಯಿಂದ ಬಂದ ಮೇಲೆ ಅಪ್ಪ ಅಣ್ಣನ ಹತ್ತಿರ ಮಾತೇ ಬಿಟ್ಟರು," ಎಂದಳು ಪೂವಮ್ಮ. "ನಾನೂ ಅಷ್ಟೆ, ಬೇಕಾದಷ್ಟು ಮಾತ್ರ. ಹುಡುಗಿಗಿಂತ ಕಾಲೇಜಿನ ಮೆಷಿನ್ ದೊಡ್ಡದಾಯ್ತಲ್ಲ ಅಂತ."

"ಆಮೇಲೆ ನಮ್ಮಲ್ಲಿಗೆ ಬಂದಿದ್ದರು ಅವರು. ಹೇಳಲಿಲ್ಲವಾ?"

"ಇಲ್ಲ."

*

ನಿಶ್ಚಿತಾರ್ಥ ತಪ್ಪಿದ ಮರುವಾರ ಡೊಂಬಯ್ಯ ಕಾವೇರಿಯನ್ನೂ ಅವಳ ಅಣ್ಣನನ್ನೂ ಕಾಲೇಜಿನ ಕತ್ತಲೆ ಕೋಣೆಗೆ ಕರೆದೊಯ್ದಿದ್ದ. ಮೇಜಿನ ಮೇಲೆ ಗಾಜಿನಂತೆ ತಿಳಿಯಾದ ಅಂಟಿನಿಂದ ಎರಕ ಹೊಯ್ದ, ಸೇತುವೆ ಕಂಬದ ಪುಟ್ಟ ಮಾದರಿ.

"ಇದಕ್ಕೆ ಭಾರ ಹೊರಿಸಿ, ಓವನ್‌ನಲ್ಲಿ ಕಾಯಿಸಿ, ನಿಧಾನಕ್ಕೆ ತಣಿಸಬೇಕು. ಆಗ ಒಳಗಿನ ಒತ್ತಡ ಹಾಗೇ ಉಳಿಯುತ್ತದೆ. ಆ ದಿನ ಕರೆಂಟು ಹೋಯಿತು. ಜನರೇಟರ್ ನೋಡಲು ಯಾರೂ ಇರಲಿಲ್ಲ, ನಾನೇ ನಿಲ್ಲಬೇಕಾಯಿತು. ಬೇಗ ತಣಿದರೆ ಬೇಡದ ಒತ್ತಡವೂ ಸೇರಿ ಎಲ್ಲ ಹಾಳು. ನಿಮ್ಮಲ್ಲಿ ಫೋನೂ ಇಲ್ಲ. ಆದರೂ ತಪ್ಪು ನನ್ನದೇ."

ಅವನು ದೀಪ ಆರಿಸಿದ. ಒಂದೇ ದಿಕ್ಕಿಗೆ ಕಂಪಿಸುವಂತೆ ಸೋಸಿದ ಕೆಂಪು ಬೆಳಕಿನ ಸಪೂರ ಗೆರೆ ಮಾದರಿಯೊಳಗೆ ತೂರಿತು.

"ಎದುರಿನಿಂದ ಅಲ್ಲ, ಬದಿಯಿಂದ ನೋಡಿ. ಚದುರಿ ಬರುವ ಬೆಳಕನ್ನು."

ಅವಳು ಬಗ್ಗಿದಳು. ಗೆರೆಯುದ್ದಕ್ಕೂ ಕೆಂಪು, ಕಪ್ಪು, ಮತ್ತೆ ಕೆಂಪು. ಭಾರ ಹೆಚ್ಚು ಬಿದ್ದಲ್ಲಿ ಪಟ್ಟಿಗಳು ಒತ್ತೊತ್ತಾಗಿದ್ದವು.

"ಕತ್ತರಿಸದೆಯೇ ಒಳಗಿನದು ಕಾಣುತ್ತದಾ?"

ಅವಳು ಕೇಳಿದ್ದಕ್ಕೇ ಅವನಿಗೆ ಖುಷಿಯಾಗಿತ್ತು. ಬೇರೆ ಯಾರೂ ಕೇಳಿರಲಿಲ್ಲ.

*

"ಕಾಯ್ತೇನೆ ಅಂದಿದ್ದೆ," ಎಂದಳು ಕಾವೇರಮ್ಮ. "ಅಪ್ಪ ಚಾರ್ಮಾಡಿಗೆ ಕೊಟ್ಟರು. ನಾನು ಬೇಡ ಅನ್ನಲಿಲ್ಲ."

"ಒಂದು ಮಾತು ನಮಗೆ ಹೇಳಿದ್ದರೆ ಅಣ್ಣ..."

"ನೀವು ಕೇಳಿದ್ದಿರಾ?"



"ಹೊರಡುವ, ಅಮ್ಮ," ಎಂದ ಧನರಾಜ್. "ಬಾಯಿಗೆ ನೀರು ಬಿಡುವವರು ಇನ್ನು ಯಾರಾದರೂ ಉಂಟಾ?"

ಪೂವಮ್ಮ ತುಳಸಿ ಹಾಕಿದ ತಂಬಿಗೆಯನ್ನು ಕಾವೇರಮ್ಮನ ಕೈಗಿಟ್ಟಳು.

"ಅದು ಮನೆಯವರು ಬಿಡುವುದಲ್ಲವಾ. ನಾನು..."

"ನೀವೂ ಬಿಡಿ," ಎಂದಳು ಪೂವಮ್ಮ.

ಕಾವೇರಮ್ಮ ಬಗ್ಗಿ ನೀರು ಬಿಟ್ಟಳು. ನೀರು ತುಟಿಯಂಚಿನಿಂದ ಗಲ್ಲಕ್ಕೆ ಇಳಿಯಿತು. ಅವಳು ಅದನ್ನು ಸೆರಗಿನ ತುದಿಯಿಂದ ಒರೆಸಿದಳು. ಹೊದೆಸಿದ್ದ ಬಿಳಿ ಬಟ್ಟೆ ಕೊರಳ ಹತ್ತಿರ ಮಡಚಿಕೊಂಡಿತ್ತು, ಅದನ್ನೂ ಬಿಡಿಸಿ ಸರಿಮಾಡಿದಳು.