ತಡೆದ ತೊಲೆ

ಹಳ್ಳಿಗಾಡಿನ ಮರದ ಸೇತುವೆಗಳಿಗೆ ರೇಲಿಂಗ್ ವಿನ್ಯಾಸ ಮಾಡುವುದು ಅವಳ ಕೆಲಸ. ಅಂಥ ಸೇತುವೆಯ ಮೇಲೆ ಚಕ್ರ ಒಂದಿಷ್ಟು ಜಾರಿದರೂ ಗಾಡಿ ಸೀದಾ ಹೊಳೆಗೆ. ಅವಳ ಅಕ್ಕ ಶಾಲೆಯ ವ್ಯಾನ್ ಓಡಿಸುವ ದಾರಿಯಲ್ಲೇ ಹಾಲಿನ ಗಾಡಿಯೊಂದು ಹಾಗೆ ಬಿದ್ದು, ಓಡಿಸುತ್ತಿದ್ದವನು ತೀರಿಕೊಂಡಿದ್ದ. ಅಲ್ಲಿಗೊಂದು ಗಟ್ಟಿ ರೇಲಿಂಗ್ ಹಾಕಿಸು ಎಂದು ಅಕ್ಕ ತಂಗಿಯ ಬೆನ್ನು ಬಿಡಲಿಲ್ಲ. ಲೆಕ್ಕವೆಲ್ಲ ಸರಿಬಂದಿದೆಯಲ್ಲ ಎಂದು ಇವಳು ಪರೀಕ್ಷೆಗೂ ಮೊದಲೇ ಆ ಸೇತುವೆಗೆ ಹೊಸ ರೇಲಿಂಗ್ ಹಾಕಿಸಿಬಿಟ್ಟಿದ್ದಳು: ಸಾಲಾಗಿ ಕಂಬಗಳು, ಅವುಗಳಿಗೆ ಬೋಲ್ಟಿನಿಂದ ಬಿಗಿದ ದಪ್ಪ ಮರದ ತೊಲೆಗಳು.

ಪರೀಕ್ಷೆಗೆಂದು ವರ್ಕ್‌ಶಾಪಿನ ಅಂಗಳದಲ್ಲಿ ಅಂಥದ್ದೇ ಮಾದರಿ ಸೇತುವೆ ಕಟ್ಟಿ, ಆ ದಿನ ಹಳೇ ಕಾರಿನಲ್ಲಿ ಡ್ರೈವರ್ ಜಾಗಕ್ಕೆ ಬೊಂಬೆ ಕೂರಿಸಿದರು. ಏನು ಹೇಳಿದರೂ ಮುಖ ಗಂಟು ಹಾಕಿಕೊಂಡೇ ಇರುವ ಅದಕ್ಕೆ ವರ್ಕ್‌ಶಾಪಿನವರು ‘ಮಾವ’ ಅಂತ ಹೆಸರಿಟ್ಟಿದ್ದರು.

“ಮಾವನಿಗೆ ಬೆಲ್ಟ್ ಸರಿಯಾಗಿ ಹಾಕ್ರಪ್ಪ, ಆಮೇಲೆ ಮಾತು ಬರೋದು ನಮಗೇ,” ಎಂದ ಮೇಸ್ತ್ರಿ.

ಕಾರಿಗೆ ಕಟ್ಟಿದ ಕೇಬಲ್ ಎಳೆಯಿತು. ಕಾರು ನುಗ್ಗಿ ಬಂದು ರೇಲಿಂಗಿಗೆ ಓರೆಯಾಗಿ ಅಪ್ಪಳಿಸಿತು. ಧೂಳು ಇಳಿದಾಗ ಕಾರು ಮಾದರಿ ಸೇತುವೆಯ ಮೇಲೇ ನಿಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹಿಗ್ಗಿ ಹೀರೇಕಾಯಿಯಾಗಿ ಹತ್ತಿರ ಓಡಿದಳು.

ಜೋಡಣೆಯಲ್ಲಿ ಮುರಿದ ತೊಲೆಯ ತುದಿ ಮುಂದಿನ ಗಾಜು ಒಡೆದು ಒಳಗೆ ಹೋಗಿತ್ತು. ಬೊಂಬೆಯ ಎದೆ ಸೀಳಿ, ಸೀಟು ತೂರಿ, ಹಿಂದಿನ ಸೀಟಿನವರೆಗೂ ಹೋಗಿತ್ತು. ಬಾಗಿಲ ಹಿಡಿ ಹಿಡಿದವಳಿಗೆ ಬಿಡಲೂ ತೋಚಲಿಲ್ಲ.

“ಬೀಳಲಿಲ್ಲ ಮೇಡಂ,” ಎಂದ ಮೇಸ್ತ್ರಿ, ಮೆಲ್ಲಗೆ.

“ಬದುಕಲೂ ಇಲ್ಲ.”

ಕೂಡಲೇ ಫೋನ್ ಒತ್ತಿದಳು. “ಅಕ್ಕಾ, ಎಲ್ಲಿದೀಯ?”

“ಸೇತುವೆ ಹತ್ರ ನಿಲ್ಸಿದೀನಿ. ಮಕ್ಕಳಿದಾರೆ, ಬೇಗ ಹೇಳು.”

“ಸೇತುವೆ ಮೇಲೆ ವ್ಯಾನ್ ಹತ್ತಿಸ್ಬೇಡ. ಯಾರ ಗಾಡಿನೂ ಬಿಡ್ಬೇಡ.”

“ರೇಲಿಂಗ್ ಹಾಕ್ಸಿದ್ದು ನೀನೇ ಅಲ್ವೇನೇ?”

“ಅದಕ್ಕೇ ಹೇಳ್ತಿರೋದು.”

ಅಕ್ಕ ವ್ಯಾನನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಸಾಲಾಗಿ ನಡೆಸಿಕೊಂಡೇ ದಾಟಿಸಿದಳು.

ಸಂಜೆಯೊಳಗೆ ತಂಗಿಯೂ ಮೇಸ್ತ್ರಿಯೂ ಸ್ಪ್ಯಾನರ್ ಹಿಡಿದು ಆ ಸೇತುವೆಗೆ ಬಂದು ತೊಲೆ ಬಿಚ್ಚತೊಡಗಿದರು. ಹಾಲಿನ ಗಾಡಿಯವನ ಹೆಂಡತಿ ಬಂದು ನಿಂತಳು.

“ಇಷ್ಟು ವರ್ಷಕ್ಕೆ ಹಾಕಿದ್ದನ್ನೂ ಬಿಚ್ತೀರಾ?”

ಅವಳು ಏನನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದಳು. ಆ ಹೆಂಗಸು ತೊಲೆಯ ಮೇಲೆ ಕೈಯಾಡಿಸಿದಳು.

“ಹಾಗಾದ್ರೆ ಆವತ್ತು ಇದು ಇದ್ದಿದ್ರೂ ನಮ್ಮೋರು ಉಳೀತಿರ್ಲಿಲ್ವಾ?”

ಅವಳು ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು. ಹೆಂಗಸು ಸೆರಗು ಬಿಗಿದು, ಕಳಚಿದ ತೊಲೆಯ ಇನ್ನೊಂದು ತುದಿಗೆ ಕೈ ಕೊಟ್ಟಳು.

ಹೊಸ ವಿನ್ಯಾಸದಲ್ಲಿ ತೊಲೆಗಳ ಹಿಂದೆ ಉದ್ದಕ್ಕೂ ಉಕ್ಕಿನ ಪಟ್ಟಿ ಓಡಿಸಿ ಒಂದೊಂದು ತೊಲೆಗೂ ಬಿಗಿದಳು. ಮರ ಮುರಿದರೂ ಪಟ್ಟಿ ಅದನ್ನು ಹಿಡಿದುಕೊಂಡು ಕಾರಿನೊಳಗೆ ನುಗ್ಗಗೊಡುವುದಿಲ್ಲ. ಮರುಪರೀಕ್ಷೆಗೆ ಅಕ್ಕನೂ ಬಂದಳು. ಕಾರು ಬಡಿಯಿತು, ರೇಲಿಂಗಿಗುಂಟ ಉಜ್ಜಿಕೊಂಡು ಹೋಗಿ ನಿಂತಿತು. ತಂಗಿಗೆ ಮಾತ್ರ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

“ನೀನೇ ನೋಡ್ಕೊಂಡು ಬಾರೇ,” ಎಂದಳು.

ಅಕ್ಕ ಹೋಗಿ ಕಿಟಕಿಯಲ್ಲಿ ಬಗ್ಗಿ ನೋಡಿದಳು. “ಏನೂ ಆಗಿಲ್ಲ, ಬಾ,” ಎಂದು ಕೂಗಿದಳು.

ಆದರೂ ಅವಳು ಹೆಜ್ಜೆ ಕಿತ್ತಿಡಲು ಸುಮಾರು ಹೊತ್ತೇ ಹಿಡಿಯಿತು.