ಇಬ್ಬನಿ ಕಾಣದ ಗಾಜುಗಳು

ಅತೀಕಾಳ ಸೋಲಾರ್ ಗಾಜುಗಳು ಹಾಳಾಗುತ್ತಿರಲಿಲ್ಲ. ಅವಳ ಕಷ್ಟವೇ ಅದು.

ಶಿವಮೊಗ್ಗದ ಲ್ಯಾಬಿನಲ್ಲಿ ಅವಳು ಪಿಎಚ್‌ಡಿಗಾಗಿ ಪೆರೋವ್‌ಸ್ಕೈಟ್ ಎಂಬ ಹೊಸ ವಸ್ತುವಿನ ಸೋಲಾರ್ ಕೋಶಗಳನ್ನು ಮಾಡುತ್ತಿದ್ದಳು. ಪುಟ್ಟ ಗಾಜು, ಮೇಲೊಂದು ಕಡುಕಂದು ಪದರ. ಬಿಸಿಲು ಬಿದ್ದರೆ ಕರೆಂಟು ಕೊಡುತ್ತದೆ, ತೇವ ತಾಗಿದರೆ ಹಳದಿಯಾಗಿ ಕೆಲಸ ನಿಲ್ಲಿಸುತ್ತದೆ. ತೇವ ತಡೆಯಲೆಂದೇ ಅವಳೊಂದು ಲೇಪ ತಯಾರಿಸಿದ್ದಳು. ಲೇಪ ಹಚ್ಚಿದ ಗಾಜು, ಹಚ್ಚದ ಗಾಜು, ಎರಡನ್ನೂ ಒಂದೇ ಟ್ರೇಯಲ್ಲಿ ಜೋಡಿಸಿ ಭದ್ರಾವತಿಯ ಓಲ್ಡ್ ಟೌನಿನ ತನ್ನ ಮನೆಯ ಟೆರೇಸಿನಲ್ಲಿ ಹಗಲೂ ರಾತ್ರಿ ಬಿಟ್ಟಿದ್ದಳು. ಹಚ್ಚದ್ದು ಕೆಟ್ಟು ಹಚ್ಚಿದ್ದು ಉಳಿದರೆ ಅವಳು ಗೆದ್ದಂತೆ. ದೀಪಾವಳಿ ಕಳೆದು ಇಬ್ಬನಿ ಸುರಿಯತೊಡಗಿದರೂ ಎರಡೂ ಮದುವೆ ಗಂಡಿನ ಹಾಗೆ ಮಿಂಚುತ್ತಿದ್ದವು.

"ಏನಮ್ಮಾ, ನಿಮ್ಮ ಭದ್ರಾವತೀಲಿ ಇಬ್ಬನಿಗೂ ರಜಾನಾ?" ಎಂದರು ಗೈಡ್ ಶಿವರಾಮ ಸರ್. "ಹಚ್ಚದಿದ್ರೂ ಚೆನ್ನಾಗೇ ಇರೋದಾದ್ರೆ ನಿನ್ನ ಲೇಪ ಯಾರಿಗೆ ಬೇಕು? ಪಿಎಚ್‌ಡಿ ಕಮಿಟಿ ಕೂರೋದ್ರೊಳಗೆ ವ್ಯತ್ಯಾಸ ತೋರಿಸು. ಇಲ್ದಿದ್ರೆ ಬೇರೆ ವಿಷಯ ಹುಡುಕೋಣ."

ದಿನವೂ ಕತ್ತಲಾದ ಮೇಲೆ ಮನೆ ಸೇರುತ್ತಿದ್ದ ಅತೀಕಾ ಅಂದು ಬೇಸರದಲ್ಲಿ ಬೇಗ ಬಸ್ಸು ಹತ್ತಿದಳು. ಮನೆಗೆ ಬಂದವಳೇ ಟೆರೇಸಿಗೆ ಹೋದರೆ, ಪಕ್ಕದ ಮನೆಯ ಹೊನ್ನಯ್ಯ ಟ್ರೇ ಎತ್ತಿಕೊಂಡು ಮೆಟ್ಟಿಲ ಕೋಣೆಯೊಳಗೆ ನಡೆಯುತ್ತಿದ್ದರು. ಎರಡೂ ಮನೆಗೆ ಒಂದೇ ಟೆರೇಸು. ಅಲ್ಲಿ ಒಣಹಾಕಿದ್ದ ಅವರ ಅಡಿಕೆ ಆಗಲೇ ತಾಡಪಾಲಿನ ಕೆಳಗೆ ಮಲಗಿತ್ತು.

"ಅಜ್ಜಾ! ಅದನ್ನೆಲ್ಲಿಗೆ ತಗೊಂಡ್ ಹೋಗ್ತಿದೀರಾ?"

"ಒಳಗಿಡ್ತೀನಿ. ದಿನಾ ಇಡೋದೇ ಅಲ್ವಾ? ನಮ್ಮಡಿಕೆ ಮುಚ್ಚಿ, ನಿನ್ನ ಗಾಜನ್ನ ಇಬ್ಬನೀಲಿ ಬಿಟ್ಟು ಹೋಗೋಕೆ ನಾನೇನು ರಾಕ್ಷಸನಾ? ಬೆಳಗಾಗೆದ್ದು ಮತ್ತೆ ಹರವ್ತೀನಿ. ನೀನು ಥ್ಯಾಂಕ್ಸ್ ಹೇಳ್ಲಿಲ್ಲ ಅಂತ ನಾನೇನೂ ಬೇಜಾರು ಮಾಡ್ಕೊಂಡಿಲ್ಲ ಬಿಡು."

ಅತೀಕಾ ಅಲ್ಲೇ ಕುಳಿತುಬಿಟ್ಟಳು. ಆಚೆ ಮೂಲೆಯಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಬಾಚುತ್ತಿದ್ದ ಅವಳ ಅಜ್ಜಿ ಕರೀಮಾಬಿ ನಕ್ಕಳು. "ಒಣಗಾಕಿದ್ದು ಯಾರ್ದಾದ್ರೂ ಸರಿ, ಕೊನೇಲಿ ಇಳಿಯೋರು ಎತ್ತಿಡ್ಬೇಕು ಬೇಟಿ. ಅವ್ರು ಮರ್ತಿದ್ರೆ ನಾನೇ ಎತ್ತಿಡ್ತಿದ್ದೆ!"

"ದಾದೀ, ಅದು ಕೆಡ್ಬೇಕು! ಕೆಟ್ರೇನೇ ನಂಗೆ ಡಾಕ್ಟರೇಟು!"

ಹೊನ್ನಯ್ಯ ಕರೀಮಾಬಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಮಗು ಮಧ್ಯಾಹ್ನ ಸರಿಯಾಗಿ ಊಟ ಮಾಡುತ್ತಾ?"

ಅತೀಕಾ ಬಿಡಿಸಿ ಹೇಳಿದ ಮೇಲೆ ಹೊನ್ನಯ್ಯ ಒಪ್ಪಿದರು. ಆದರೆ ಟ್ರೇಯನ್ನು ಬಯಲಲ್ಲಿ ಬಿಟ್ಟು ಇಳಿಯುವಾಗ ಮೆಟ್ಟಿಲಿಗೊಮ್ಮೆ ತಿರುಗಿ ನೋಡುತ್ತಿದ್ದರು. "ಇವ್ರನ್ನ ಒಳಗೆ ಕೂಡಿ ಹಾಕಿ ಚಿಲ್ಕ ಹಾಕ್ಬೇಕು" ಎಂದಳು ಕರೀಮಾಬಿ.

ಕೆಲವೇ ದಿನಗಳಲ್ಲಿ ಹಚ್ಚದ ಗಾಜೆಲ್ಲ ಅರಿಶಿನ ಬಳಿದಂತಾಯಿತು. ಲೇಪದವು ಕಂದಾಗಿಯೇ ಉಳಿದವು. ಬೆಳಗ್ಗೆ ಮೊದಲು ನೋಡಿದ ಹೊನ್ನಯ್ಯ ಸಾವಿನ ಸುದ್ದಿ ತಂದವರ ಹಾಗೆ ಬಾಗಿಲು ತಟ್ಟಿದರು. "ಪುಟ್ಟಿ, ಧೈರ್ಯ ತಗೋ. ಅರ್ಧ ಹೋಯ್ತು."

ಅತೀಕಾ ಚಪ್ಪಲಿಯನ್ನೂ ಹಾಕದೆ ಮೇಲಕ್ಕೋಡಿದಳು. ಖುಷಿಯಲ್ಲಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ಫೋಟೋ ತೆಗೆದು ಸರ್‌ಗೆ ಕಳಿಸಿದಳು. ಅವರು ಕೂಡಲೇ ಫೋನ್ ಮಾಡಿದರು: "ಭೇಷ್! ಇನ್ನೊಂದು ಹೊಸ ಟ್ರೇ ಇಡು. ಮತ್ತೆ ಹೀಗೇ ಬಂದ್ರೆ ಕಮಿಟಿ ಬಾಯಿ ಮುಚ್ಚುತ್ತೆ."

"ಇನ್ನೊಂದಾ?" ಹಿಂದೆಯೇ ಹತ್ತಿ ಬಂದು ಫೋನಿನ ಮಾತು ಕೇಳಿಸಿಕೊಂಡ ಹೊನ್ನಯ್ಯನವರ ಮುಖ ಸಪ್ಪಗಾಯಿತು. ಹೆಗಲ ಮೇಲಿನ ಟವೆಲ್ ಕೊಡವಿದರು. "ಹಂಗಾದ್ರೆ ಒಂದ್ಕೆಲ್ಸ ಮಾಡ್ತೀನಿ ಮಾರಾಯ್ತಿ. ಅದು ಮುಗಿಯೋವರ್ಗೂ ಶಿವಮೊಗ್ಗದ ಗೋಪಾಳದಲ್ಲಿ ಮಗಳ ಮನೇಲಿ ಇದ್ದುಬಿಡ್ತೀನಿ. ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ. ಅಡಿಕೆ ಮಾತ್ರ ನೀನು ಮುಚ್ಚು, ಅದಕ್ಕೆ ಡಾಕ್ಟರೇಟು ಬೇಡ."